ದೊಡ್ಡ ಸಂಖ್ಯೆಯೊಂದನ್ನು ಬಿಡಿಸಿ ನೋಡುವ ಬಗೆ: 45,30,456ರ ಲೆಕ್ಕ

ಏಳೆಂಟು ಅಂಕಿಗಳ ಸಂಖ್ಯೆ ಎದುರಿಗಿದ್ದಾಗ ಇದು ಪೂರ್ಣವರ್ಗವೇ, ಇದಕ್ಕೆ ಎಷ್ಟು ಭಾಜಕಗಳಿವೆ, ಅವುಗಳ ಮೊತ್ತವೆಷ್ಟು, ಇದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ ಎಂದು ಒಂದೊಂದು ಪ್ರಶ್ನೆಗೂ ಬೇರೆ ಬೇರೆ ದಾರಿ ಹುಡುಕುವವರಿದ್ದಾರೆ. ಅಷ್ಟು ಕಷ್ಟ ಬೇಡ. ಸಂಖ್ಯೆಯನ್ನು ಒಮ್ಮೆ ಅವಿಭಾಜ್ಯ ಅಪವರ್ತನಗಳಾಗಿ ಒಡೆದುಕೊಂಡರೆ ಉಳಿದದ್ದೆಲ್ಲ ಘಾತಾಂಕಗಳನ್ನು ನೋಡಿಯೇ ಹೇಳಿಬಿಡಬಹುದು. ಹಾಗಾಗಿ ಶ್ರಮದ ಮುಕ್ಕಾಲು ಪಾಲು ಒಡೆಯುವುದಕ್ಕೇ ಹೋಗಲಿ. ಒಡೆಯುವಾಗ ಯಾವುದನ್ನು ಮೊದಲು ಮಾಡಬೇಕು ಎಂಬ ಕ್ರಮ ತಪ್ಪಿದರೆ ಒಂದು ನಿಮಿಷದ ಕೆಲಸ ಒಂದು ಗಂಟೆ ಹಿಡಿಯುತ್ತದೆ.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು 45,30,456. ನಲವತ್ತೈದು ಲಕ್ಷದ ಮೂವತ್ತು ಸಾವಿರದ ನಾನೂರ ಐವತ್ತಾರು. ಕಾಗದ, ಪೆನ್ಸಿಲ್ ಇದ್ದರೆ ಸಾಕು. ಸಾಮಾನ್ಯವಾಗಿ ಎಡವುವ ಜಾಗಗಳು ಬಹುಪಾಲು ಈ ಒಂದು ಸಂಖ್ಯೆಯಲ್ಲೇ ಸಿಗುತ್ತವೆ.

ಮೊದಲು ಅಲ್ಪವಿರಾಮಗಳನ್ನು ತೆಗೆದುಹಾಕಿ

ಲಕ್ಷ, ಕೋಟಿಗಳ ಲೆಕ್ಕದಲ್ಲಿ ಬರೆಯುವ ನಮಗೆ ಇದು ಮುಖ್ಯ. ನಾವು ಕೊನೆಯ ಮೂರು ಅಂಕಿ ಬಿಟ್ಟು, ಮುಂದೆ ಎರಡೆರಡಕ್ಕೆ ಅಲ್ಪವಿರಾಮ ಹಾಕುತ್ತೇವೆ. ಮುಂದೆ ಬರುವ ಪರೀಕ್ಷೆಗಳಲ್ಲಿ ಕೆಲವಕ್ಕೆ ಬಲದಿಂದ ಮೂರು ಮೂರು ಅಂಕಿಗಳ ಗುಂಪು ಬೇಕು, ಕೆಲವಕ್ಕೆ ಎರಡೆರಡರದು. 45 | 30 | 456 ಎಂಬ ಗುಂಪನ್ನೇ ಹಿಡಿದು 7ರ ಪರೀಕ್ಷೆ ಮಾಡಿದರೆ ಉತ್ತರ ತಪ್ಪುವುದು ಖಂಡಿತ. ಸಂಖ್ಯೆಯನ್ನು 4530456 ಎಂದು ಒಂದೇ ಸಾಲಾಗಿ ಬರೆದು, ಅದರ ಕೆಳಗೆ ಎರಡು ಸಲ ಗುಂಪು ಮಾಡಿಟ್ಟುಕೊಳ್ಳಿ:

ಮೂರರ ಗುಂಪು: 4 | 530 | 456
ಎರಡರ ಗುಂಪು: 4 | 53 | 04 | 56

ಎರಡನೆಯದರಲ್ಲಿ 04ರ ಸೊನ್ನೆಯನ್ನು ಬಿಡಬೇಡಿ. ಅದು ಬಿಟ್ಟುಹೋದರೆ ಗುಂಪುಗಳೆಲ್ಲ ಒಂದು ಸ್ಥಾನ ಜರುಗುತ್ತವೆ.

ಜೊತೆಗೆ ವರ್ಗಮೂಲದ ಅಂದಾಜನ್ನೂ ಬರೆದಿಟ್ಟುಕೊಳ್ಳಿ. 2128² = 45,28,384 ಮತ್ತು 2129² = 45,32,641. ನಮ್ಮ ಸಂಖ್ಯೆ ಈ ಎರಡರ ನಡುವೆ ಇದೆ. ಅಂದರೆ ಇದು ಪೂರ್ಣವರ್ಗ ಅಲ್ಲ ಎಂಬುದು ಇಲ್ಲಿಗೇ ಗೊತ್ತಾಯಿತು. ಅದಕ್ಕಿಂತ ಮುಖ್ಯವಾದದ್ದು, ಅಪವರ್ತನ ಹುಡುಕುವಾಗ ಹೆಚ್ಚೆಂದರೆ 2128ರವರೆಗೆ ಹೋದರೆ ಸಾಕು ಎಂಬ ಮಿತಿ ಸಿಕ್ಕಿತು. ಅಷ್ಟರೊಳಗೆ 300ಕ್ಕಿಂತ ಹೆಚ್ಚು ಅವಿಭಾಜ್ಯಗಳಿವೆ. ಹೆದರಬೇಡಿ, ಈ ಮಿತಿ ಬೇಗನೆ ಕುಸಿಯುತ್ತದೆ.

2 ಮತ್ತು 5: ಬಲತುದಿಯ ಅಂಕಿಗಳು

ಕೊನೆಯ ಅಂಕಿ 6, ಆದ್ದರಿಂದ 2ರಿಂದ ಭಾಗವಾಗುತ್ತದೆ, 5ರಿಂದ ಆಗುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿ ಒಂದೊಂದೇ ಸಲ 2ರಿಂದ ಭಾಗಿಸುತ್ತ ಹೋಗಬೇಡಿ. ಕೊನೆಯ ಎರಡು ಅಂಕಿಗಳಾದ 56 ಅನ್ನು 4 ಭಾಗಿಸುತ್ತದೆ. ಕೊನೆಯ ಮೂರಾದ 456 = 8 × 57. ಕೊನೆಯ ನಾಲ್ಕಾದ 0456 ಅನ್ನು 16ರಿಂದ ಭಾಗಿಸಿದರೆ 8 ಶೇಷ. ಅಂದರೆ ಈ ಸಂಖ್ಯೆಯಲ್ಲಿ ಇರುವುದು ಕರಾರುವಾಕ್ಕಾಗಿ 2³. ಒಮ್ಮೆಗೇ 8ರಿಂದ ಭಾಗಿಸಿ:

45,30,456 ÷ 8 = 5,66,307

ಹೊಸ ಮಿತಿ 752, ಏಕೆಂದರೆ 752² = 5,65,504 ಮತ್ತು 753² = 5,67,009. ಒಂದೇ ಏಟಿಗೆ 2128ರಿಂದ 752ಕ್ಕೆ ಬಂದೆವು. ಪ್ರತಿ ಅಪವರ್ತನ ಸಿಕ್ಕ ಕೂಡಲೇ ಉಳಿದ ಭಾಗದ ವರ್ಗಮೂಲವನ್ನು ಹೊಸದಾಗಿ ಹಾಕುವುದನ್ನು ರೂಢಿಸಿಕೊಳ್ಳಿ. ಹಳೆಯ ಮಿತಿಯನ್ನೇ ಹಿಡಿದುಕೊಂಡು ಸುಮ್ಮನೆ ಭಾಗಿಸುತ್ತ ಹೋಗುವುದರಲ್ಲೇ ಎಲ್ಲಕ್ಕಿಂತ ಹೆಚ್ಚು ಹೊತ್ತು ದಂಡವಾಗುತ್ತದೆ.

3: ಅಂಕಿಗಳ ಮೊತ್ತ, ಮತ್ತು 27ರ ಬಲೆ

4+5+3+0+4+5+6 = 27. ಇದು 9ರಿಂದ ಭಾಗವಾಗುತ್ತದೆ, ಹಾಗಾಗಿ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಇಲ್ಲಿ ಬಹಳಷ್ಟು ಮಂದಿ ಒಂದು ಹೆಜ್ಜೆ ಮುಂದೆ ಹಾರಿ “ಮೊತ್ತ 27 ಬಂದಿದೆ, ಆದ್ದರಿಂದ 27ರಿಂದಲೂ ಹೋಗುತ್ತದೆ” ಎಂದುಬಿಡುತ್ತಾರೆ. ಹೋಗುವುದಿಲ್ಲ. ಅಂಕಿಗಳ ಮೊತ್ತದ ನಿಯಮ ನಡೆಯುವುದು 10, 100, 1000 ಇವೆಲ್ಲ 9ರಿಂದ ಭಾಗಿಸಿದಾಗ 1 ಶೇಷ ಕೊಡುವುದರಿಂದ. 10 ಅನ್ನು 27ರಿಂದ ಭಾಗಿಸಿದರೆ ಶೇಷ 10, 100ಕ್ಕೆ ಶೇಷ 19. ಅಲ್ಲಿ ನಿಯಮಕ್ಕೆ ಆಧಾರವೇ ಇಲ್ಲ. ಆದ್ದರಿಂದ 9ರಿಂದ ಭಾಗಿಸಿ, ಬಂದದ್ದರ ಅಂಕಿಗಳನ್ನು ಮತ್ತೆ ಕೂಡಿ:

5,66,307 ÷ 9 = 62,923
6+2+9+2+3 = 22

22 ಅನ್ನು 3 ಭಾಗಿಸುವುದಿಲ್ಲ. ಹಾಗಾದರೆ ಇರುವುದು 3² ಮಾತ್ರ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆಗಳಿಗೆ ಕಾಪ್ರೇಕರ್ ಅವರು ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. ನಮ್ಮದು 27ರಿಂದ ಭಾಗವಾಗದ ಕಾರಣ ಆ ಸಾಲಿಗೆ ಸೇರುವುದಿಲ್ಲ.

ಮಿತಿ ಈಗ 250. (250² = 62,500)

7, 11, 13: ಮೂರನ್ನೂ ಒಟ್ಟಿಗೆ

7 × 11 × 13 = 1001. ಇದರಿಂದಾಗಿ ಮೂರು ಅಂಕಿಗಳ ಗುಂಪುಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ ಕಳೆದರೆ ಬರುವ ಚಿಕ್ಕ ಸಂಖ್ಯೆ ಈ ಮೂರೂ ಅವಿಭಾಜ್ಯಗಳಿಗೆ ಮೂಲ ಸಂಖ್ಯೆ ಕೊಡುವಷ್ಟೇ ಶೇಷ ಕೊಡುತ್ತದೆ. 62 | 923ಕ್ಕೆ ಅದು 923 − 62 = 861.

861 = 7 × 123. ಆದ್ದರಿಂದ 7 ಇದೆ. 861 − 858 = 3, ಮತ್ತು 858 = 6 × 143 = 6 × 11 × 13. ಹೀಗಾಗಿ 11ಕ್ಕೂ 13ಕ್ಕೂ ಶೇಷ 3, ಅವೆರಡೂ ಇಲ್ಲ. ಮೂರು ಭಾಗಾಕಾರಗಳ ಜಾಗದಲ್ಲಿ ಒಂದು ಕಳೆಯುವ ಲೆಕ್ಕ.

7ಕ್ಕೆ ಶಾಲೆಯಲ್ಲಿ ಹೇಳಿಕೊಡುವ ಇನ್ನೊಂದು ಉಪಾಯವಿದೆ: ಕೊನೆಯ ಅಂಕಿಯ ಎರಡರಷ್ಟನ್ನು ಉಳಿದ ಭಾಗದಿಂದ ಕಳೆಯುವುದು. 6292 − 6 = 6286, 628 − 12 = 616, 61 − 12 = 49. ಸರಿ, ಭಾಗವಾಗುತ್ತದೆ. ಆದರೆ ಈ ಉಪಾಯ ಭಾಗವಾಗುತ್ತದೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ. ಶೇಷವನ್ನು ಹೇಳುವುದಿಲ್ಲ. ಶೇಷ ಬೇಕಿದ್ದಾಗ ಇದನ್ನು ಬಳಸಿ ಮೋಸಹೋಗಬೇಡಿ, 1001ರ ದಾರಿಯೇ ಗಟ್ಟಿ.

62,923 ÷ 7 = 8,989

ಇನ್ನೊಮ್ಮೆ 7ರಿಂದ ಭಾಗಿಸಿದರೆ 1284 ಬಂದು 1 ಉಳಿಯುತ್ತದೆ. ಆದ್ದರಿಂದ 7 ಒಂದೇ ಸಲ. ಮಿತಿ 94ಕ್ಕೆ ಇಳಿದಿದೆ, ಏಕೆಂದರೆ 94² = 8836, 95² = 9025.

ಉಳಿದ ಗಟ್ಟಿ ತುಂಡು: 8989

ಕಣ್ಣು ಪಳಗಿದವರಿಗೆ ಇದು ನೋಡಿದ ಕೂಡಲೇ ತಿಳಿಯುತ್ತದೆ. 89 ಎರಡು ಸಲ ಬಂದಿದೆ, ಹಾಗಾಗಿ 8989 = 89 × 101. ಹಾಗೆ ಹೊಳೆಯಲಿಲ್ಲ ಎಂದುಕೊಳ್ಳೋಣ. 11ರಿಂದ ಶುರುಮಾಡಿ 89ರವರೆಗಿನ ಅವಿಭಾಜ್ಯಗಳು 20. ಇಲ್ಲಿ ಅದೃಷ್ಟವೂ ಕೆಟ್ಟದ್ದು, ಸಿಗುವ ಅಪವರ್ತನ ಆ ಪಟ್ಟಿಯ ಕಟ್ಟಕಡೆಯದು. 11 ಮತ್ತು 13 ಆಗಲೇ ಹೋದವು, ಏಕೆಂದರೆ 62,923ರಲ್ಲಿ ಇಲ್ಲದ ಅಪವರ್ತನ 8989ರಲ್ಲಿ ಇರಲಾರದು. ಆದರೂ 18 ಭಾಗಾಕಾರ ಉಳಿಯುತ್ತವೆ.

ಇಂಥ ಹೊತ್ತಿಗೆ ಫರ್ಮಾನ ವಿಧಾನವನ್ನು ಮೊದಲು ನಾಲ್ಕೈದು ಸಲ ಪ್ರಯತ್ನಿಸಿ. ಬೆಸ ಸಂಖ್ಯೆಗಿಂತ ಸ್ವಲ್ಪ ದೊಡ್ಡದಾದ ವರ್ಗವನ್ನು ತೆಗೆದುಕೊಂಡು, ಅದರಿಂದ ಸಂಖ್ಯೆಯನ್ನು ಕಳೆದು, ಉಳಿದದ್ದು ಪೂರ್ಣವರ್ಗವೇ ಎಂದು ನೋಡುವುದು. ಅಲ್ಲದಿದ್ದರೆ ಮುಂದಿನ ವರ್ಗ.

95² − 8989 = 9025 − 8989 = 36 = 6²

ಮೊದಲ ಯತ್ನದಲ್ಲೇ ಸಿಕ್ಕಿತು. ಆದ್ದರಿಂದ 8989 = (95 − 6)(95 + 6) = 89 × 101.

ಈ ವಿಧಾನಕ್ಕೆ ಒಂದು ಷರತ್ತಿದೆ: ಎರಡು ಅಪವರ್ತನಗಳು ಒಂದಕ್ಕೊಂದು ಹತ್ತಿರ ಇರಬೇಕು. ದೂರ ಇದ್ದಷ್ಟೂ ಹೆಜ್ಜೆಗಳು ಬೆಳೆಯುತ್ತವೆ. 7 ಅನ್ನು ತೆಗೆಯದೆ 62,923ರ ಮೇಲೇ ಇದನ್ನು ಮಾಡಿದ್ದರೆ 251ರಿಂದ ಶುರುವಾಗಿ 362ರವರೆಗೆ ಹೋಗಬೇಕಿತ್ತು. ಆಗ 362² − 62,923 = 68,121 = 261² ಎಂದು 101 × 623 ಸಿಗುತ್ತಿತ್ತು. ಅದು 112ನೆಯ ಯತ್ನ. ಚಿಕ್ಕ ಅಪವರ್ತನಗಳನ್ನು ಮೊದಲು ಸುಲಿದು ಹಾಕಬೇಕು ಎನ್ನುವುದು ಇದಕ್ಕೇ. ಸಮಸಂಖ್ಯೆಯ ಮೇಲೆ ನೇರವಾಗಿ ಪ್ರಯೋಗಿಸುವುದೂ ಬೇಡ. ಸಂಖ್ಯೆಯನ್ನು 4ರಿಂದ ಭಾಗಿಸಿದಾಗ 2 ಉಳಿಯುವಂತಿದ್ದರೆ ಅದು ಎಂದಿಗೂ ಎರಡು ವರ್ಗಗಳ ವ್ಯತ್ಯಾಸವಾಗದು, ನೀವು ಹುಡುಕುತ್ತಲೇ ಇರುತ್ತೀರಿ.

89 ಮತ್ತು 101 ಅವಿಭಾಜ್ಯವೇ? ಎರಡೂ 121ಕ್ಕಿಂತ ಚಿಕ್ಕವು, ಆದ್ದರಿಂದ 2, 3, 5, 7ರಿಂದ ಭಾಗಿಸಿ ನೋಡಿದರೆ ಸಾಕು. ಯಾವುದೂ ಹೋಗುವುದಿಲ್ಲ.

45,30,456 = 2³ × 3² × 7 × 89 × 101

ತಾಳೆ ನೋಡದೆ ಮುಂದೆ ಹೋಗಬೇಡಿ

ಒಡೆದದ್ದನ್ನು ಮತ್ತೆ ಗುಣಿಸಿ ನೋಡಿ. 8 × 9 × 7 = 504, 504 × 8989 = 45,30,456. ಗುಣಾಕಾರವನ್ನೇ ತಪ್ಪು ಮಾಡಿದ್ದರೆ ಎಂಬ ಅನುಮಾನಕ್ಕೆ 9ರ ತಾಳೆ ಮತ್ತು 11ರ ತಾಳೆ ಎರಡನ್ನೂ ಇಟ್ಟುಕೊಳ್ಳಿ. 9ರ ತಾಳೆ ಒಂದೇ ಸಾಲದು. ಪಕ್ಕದ ಎರಡು ಅಂಕಿಗಳು ಅದಲುಬದಲಾದರೆ ಅಂಕಿಗಳ ಮೊತ್ತ ಬದಲಾಗುವುದಿಲ್ಲ, 9ರ ತಾಳೆ ಸುಮ್ಮನೆ ತಲೆಯಾಡಿಸುತ್ತದೆ. ಅಂಕಿ ನಕಲು ಮಾಡುವಾಗ ಆಗುವ ತಪ್ಪುಗಳಲ್ಲಿ ಇದು ತೀರಾ ಸಾಮಾನ್ಯ. 11ರ ತಾಳೆಯಲ್ಲಿ ಅಂಕಿಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ ಕಳೆಯುವುದರಿಂದ ಅದಲುಬದಲು ಅಲ್ಲಿ ಸಿಕ್ಕಿಬೀಳುತ್ತದೆ.

ನಮ್ಮ ಸಂಖ್ಯೆಗೆ 6−5+4−0+3−5+4 = 7. ಅತ್ತ 504 ಅನ್ನು 11ರಿಂದ ಭಾಗಿಸಿದರೆ ಶೇಷ 9, 8989ಕ್ಕೆ ಶೇಷ 2. 9 × 2 = 18, ಅದಕ್ಕೆ ಶೇಷ 7. ಹೊಂದಿಕೊಂಡಿತು.

101 ಇದೆಯೇ ಎಂಬುದಕ್ಕೂ ಪ್ರತ್ಯೇಕ ಪರೀಕ್ಷೆಯಿದೆ. ಮೊದಲೇ ಬರೆದಿಟ್ಟ ಎರಡರ ಗುಂಪುಗಳನ್ನು ಬಲದಿಂದ ಒಂದು ಬಿಟ್ಟು ಒಂದು ಕೂಡಿ ಕಳೆಯಿರಿ: 56 − 04 + 53 − 4 = 101. ಇದನ್ನು ಶುರುವಿನಲ್ಲೇ ಮಾಡಿದ್ದರೆ 101 ಆಗಲೇ ಕೈಗೆ ಬರುತ್ತಿತ್ತು.

ಘಾತಾಂಕಗಳಿಂದ ಸಿಗುವುದು

ಈಗ ಘಾತಾಂಕಗಳು 3, 2, 1, 1, 1. ಪ್ರತಿಯೊಂದಕ್ಕೂ 1 ಸೇರಿಸಿ ಗುಣಿಸಿದರೆ ಭಾಜಕಗಳ ಸಂಖ್ಯೆ: 4 × 3 × 2 × 2 × 2 = 96. 1 ಮತ್ತು ಆ ಸಂಖ್ಯೆಯೂ ಇದರಲ್ಲಿ ಸೇರಿವೆ.

96ನ್ನೂ ಬರೆಯಬೇಕಾದರೆ ಸಿಕ್ಕಾಪಟ್ಟೆ ಹುಡುಕುವುದು ಬೇಡ. ಮೊದಲು 504ರ 24 ಭಾಜಕಗಳನ್ನು ಒಂದು ಕಂಬಸಾಲಾಗಿ ಬರೆಯಿರಿ: 1, 2, 3, 4, 6, 7, 8, 9, 12, 14, 18, 21, 24, 28, 36, 42, 56, 63, 72, 84, 126, 168, 252, 504. ಪಕ್ಕದಲ್ಲಿ ಇವನ್ನೇ 89ರಿಂದ, ಆಮೇಲೆ 101ರಿಂದ, ಕೊನೆಗೆ 8989ರಿಂದ ಗುಣಿಸಿದ ಮೂರು ಕಂಬಸಾಲು. ಒಂದೂ ಬಿಟ್ಟುಹೋಗುವುದಿಲ್ಲ, ಒಂದೂ ಎರಡು ಸಲ ಬರುವುದಿಲ್ಲ. ಆ ಪಟ್ಟಿಯಲ್ಲಿ ವರ್ಗಮೂಲಕ್ಕೆ ಅತಿ ಹತ್ತಿರದ ಜೋಡಿ ಯಾವುದು ನೋಡಿ: 21 × 101 = 2121 ಮತ್ತು 24 × 89 = 2136. ಇಷ್ಟು ಚಿಕ್ಕಚೌಕಗಳನ್ನು ಆಯತವಾಗಿ ಜೋಡಿಸಬೇಕಾದರೆ ಹೆಚ್ಚುಕಡಿಮೆ ಚೌಕವೇ ಆಗುವ ಆಯತ ಇದು, 2121 × 2136.

ಭಾಜಕಗಳ ಮೊತ್ತಕ್ಕೆ ಪ್ರತಿ ಅವಿಭಾಜ್ಯದ ಎಲ್ಲ ಘಾತಗಳನ್ನೂ ಕೂಡಿ, ಆ ಮೊತ್ತಗಳನ್ನು ಗುಣಿಸಬೇಕು:

(1+2+4+8) × (1+3+9) × (1+7) × (1+89) × (1+101)
= 15 × 13 × 8 × 90 × 102 = 1,43,20,800

ಎರಡನೆಯ ಆವರಣದಲ್ಲಿ ನಡುವಿನ 3 ಅನ್ನು ಮರೆತು 1+9 ಎಂದು ಬರೆದುಬಿಡುವುದು ಇಲ್ಲಿನ ಮಾಮೂಲಿ ತಪ್ಪು. ಹಾಗೆ ಮಾಡಿದರೆ 1,10,16,000 ಬರುತ್ತದೆ, ನೋಡಲು ಸರಿಯಾದ ಉತ್ತರದಂತೆಯೇ ಇರುತ್ತದೆ. ಮೇಲಿನ ಕಂಬಸಾಲಿನ 24 ಭಾಜಕಗಳನ್ನು ಕೂಡಿ ನೋಡಿ, 1560 ಬರಬೇಕು. 15 × 13 × 8 ಕೂಡ 1560. ಇದಕ್ಕಿಂತ ಒಳ್ಳೆಯ ತಾಳೆ ಬೇಕಿಲ್ಲ.

ಮೊತ್ತದಿಂದ ಸಂಖ್ಯೆಯನ್ನೇ ಕಳೆದರೆ 97,90,344. ಇದು ಮೂಲ ಸಂಖ್ಯೆಯ ಎರಡರಷ್ಟಕ್ಕಿಂತಲೂ ಹೆಚ್ಚು. ಮೂಲ ಸಂಖ್ಯೆಗಿಂತ ಹೆಚ್ಚಾದರೆ ಸಾಕು, ಅದು ಸಮೃದ್ಧ ಸಂಖ್ಯೆ. ಸಮೃದ್ಧವೋ ಅಲ್ಲವೋ ಎಂಬುದಷ್ಟೇ ಬೇಕಿದ್ದರೆ ಇಷ್ಟು ಲೆಕ್ಕವೂ ಬೇಡವಿತ್ತು: 6ಕ್ಕಿಂತ ದೊಡ್ಡದಾದ 6ರ ಅಪವರ್ತ್ಯಗಳೆಲ್ಲ ಸಮೃದ್ಧವೇ.

ಇದರೊಡನೆ ಸಹ ಅವಿಭಾಜ್ಯವಾಗಿರುವ (1 ಬಿಟ್ಟರೆ ಬೇರೆ ಸಾಮಾನ್ಯ ಭಾಜಕವಿಲ್ಲದ), ಇದಕ್ಕಿಂತ ಚಿಕ್ಕ ಸಂಖ್ಯೆಗಳು ಎಷ್ಟು? ಇದು ಆಯ್ಲರನ ಫಲನ. ಪ್ರತಿ ಅವಿಭಾಜ್ಯ ಘಾತಕ್ಕೂ ಬೇರೆಯಾಗಿ ಲೆಕ್ಕ ಹಾಕಿ ಗುಣಿಸಿ: 8ಕ್ಕೆ 4, 9ಕ್ಕೆ 6, 7ಕ್ಕೆ 6, 89ಕ್ಕೆ 88, 101ಕ್ಕೆ 100. ಗುಣಲಬ್ಧ 12,67,200. ನೂರರಲ್ಲಿ ಸುಮಾರು 28 ಎಂದ ಹಾಗಾಯಿತು. ಇದನ್ನು 45,30,456 × 1/2 × 2/3 × 6/7 × 88/89 × 100/101 ಎಂದು ಭಿನ್ನರಾಶಿಗಳಲ್ಲೂ ಮಾಡಬಹುದು. ಆದರೆ ಭಿನ್ನರಾಶಿಗಳನ್ನು ದಶಮಾಂಶಕ್ಕೆ ತಿರುಗಿಸಿ ಗುಣಿಸಿದರೆ ಕೊನೆಯ ಅಂಕಿಗಳು ಕೆಡುತ್ತವೆ.

ಇದರ ಉಪಯೋಗ ಇಷ್ಟು: ಸಹ ಅವಿಭಾಜ್ಯವಾದ ಯಾವುದೇ ಸಂಖ್ಯೆಯನ್ನು 12,67,200ನೇ ಘಾತಕ್ಕೆ ಏರಿಸಿ ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ 1. ನಿಜ ಹೇಳಬೇಕೆಂದರೆ ಅಷ್ಟು ದೊಡ್ಡ ಘಾತವೂ ಬೇಡ. 2, 6, 6, 88, 100 ಇವುಗಳ ಲ.ಸಾ.ಅ. 6600, ಅಷ್ಟೇ ಸಾಕು. (ಇಲ್ಲಿ 8ಕ್ಕೆ 4ರ ಬದಲು 2 ತೆಗೆದುಕೊಂಡಿದೆ, ಏಕೆಂದರೆ ಯಾವ ಬೆಸ ಸಂಖ್ಯೆಯ ವರ್ಗವೂ 8ರಿಂದ ಭಾಗಿಸಿದಾಗ 1 ಉಳಿಸುತ್ತದೆ.)

ವರ್ಗಗಳ ಲೆಕ್ಕ

ಪೂರ್ಣವರ್ಗಕ್ಕೆ ಎಲ್ಲ ಘಾತಾಂಕಗಳೂ ಸಮ ಇರಬೇಕು. ಇಲ್ಲಿ ನಾಲ್ಕು ಬೆಸ ಇವೆ. ಕನಿಷ್ಠ ಎಷ್ಟರಿಂದ ಗುಣಿಸಿದರೆ ಪೂರ್ಣವರ್ಗ ಆಗುತ್ತದೆ? ಬೆಸ ಘಾತಾಂಕ ಇರುವವನ್ನು ಒಮ್ಮೊಮ್ಮೆ ಗುಣಿಸಿ: 2 × 7 × 89 × 101 = 1,25,846. ಬರುವ ವರ್ಗದ ಮೂಲ 7,55,076. ಇದೇ ಲೆಕ್ಕದ ಮತ್ತೊಂದು ಮುಖ: ವರ್ಗಮೂಲವನ್ನು ಸರಳ ರೂಪದಲ್ಲಿ 6√1,25,846 ಎಂದು ಬರೆಯಬಹುದು.

ಒಡೆಯದೆಯೇ ಪೂರ್ಣವರ್ಗ ಅಲ್ಲ ಎಂದು ತೋರಿಸಬೇಕಾದರೆ ಕೊನೆಯ ಅಂಕಿಯ ಪರೀಕ್ಷೆ ಇಲ್ಲಿ ಕೈಕೊಡುತ್ತದೆ. 6ರಲ್ಲಿ ಕೊನೆಯಾಗುವ ವರ್ಗಗಳಿವೆ, 56ರಲ್ಲಿ ಕೊನೆಯಾಗುವವೂ ಇವೆ (16² = 256), ಅಂಕಿಗಳ ಮೊತ್ತವೂ ವರ್ಗಕ್ಕೆ ಒಪ್ಪುವಂಥದ್ದೇ. ಹಿಡಿಯುವುದು 16ರ ಶೇಷ. ವರ್ಗಗಳನ್ನು 16ರಿಂದ ಭಾಗಿಸಿದರೆ 0, 1, 4, 9 ಮಾತ್ರ ಉಳಿಯುತ್ತವೆ. ನಮ್ಮದು 8.

ಎರಡು ವರ್ಗಗಳ ಮೊತ್ತವಾಗಿ ಬರೆಯಲು 4ರಿಂದ ಭಾಗಿಸಿದಾಗ 3 ಉಳಿಸುವ ಅವಿಭಾಜ್ಯಗಳೆಲ್ಲ ಸಮ ಘಾತದಲ್ಲಿ ಇರಬೇಕು. ಅಂಥವು ಇಲ್ಲಿ 3 ಮತ್ತು 7. 3ರ ಘಾತ 2, ತೊಂದರೆಯಿಲ್ಲ. 7ರ ಘಾತ 1. ಅಲ್ಲಿಗೆ ಮುಗಿಯಿತು, ಬರೆಯಲಾಗದು. 8989 ಮಾತ್ರ ಎರಡು ಬಗೆಯಲ್ಲಿ ಬರುತ್ತದೆ: 58² + 75² ಮತ್ತು 42² + 85². 89 = 5² + 8² ಮತ್ತು 101 = 10² + 1² ಎಂಬುದನ್ನು ಅಡ್ಡಡ್ಡ ಗುಣಿಸಿ, ಒಮ್ಮೆ ಕೂಡಿ ಒಮ್ಮೆ ಕಳೆದರೆ ಎರಡೂ ಸಿಗುತ್ತವೆ.

ವರ್ಗಗಳ ವ್ಯತ್ಯಾಸದಲ್ಲಿ ಒಂದು ಸೂಕ್ಷ್ಮವಿದೆ. 2121 × 2136 ಅತಿ ಹತ್ತಿರದ ಜೋಡಿ ತಾನೇ, ಅದನ್ನೇ ಬಳಸೋಣ ಎಂದರೆ ಆಗುವುದಿಲ್ಲ. ಒಂದು ಬೆಸ, ಇನ್ನೊಂದು ಸಮ, ಮೊತ್ತದ ಅರ್ಧ ಪೂರ್ಣಸಂಖ್ಯೆಯಾಗದು. ಎರಡೂ ಸಮ ಇರುವ ಜೋಡಿ ಬೇಕು. ಅದಕ್ಕೆ 4ರಿಂದ ಭಾಗಿಸಿ ಬಂದ 11,32,614ರ ಜೋಡಿಗಳನ್ನು ನೋಡಿ. ಅದಕ್ಕೆ 48 ಭಾಜಕ, ಅಂದರೆ 24 ಜೋಡಿ, ಅಷ್ಟೇ ಬಗೆಗಳು. ಅತಿ ಹತ್ತಿರದ್ದು 909 × 1246. ಅವುಗಳ ಮೊತ್ತ 2155, ವ್ಯತ್ಯಾಸ 337:

2155² − 337² = 46,44,025 − 1,13,569 = 45,30,456

ಕ್ರಮಾಗತ ಸಂಖ್ಯೆಗಳ ಮೊತ್ತ

ಬೆಸ ಭಾಜಕಗಳನ್ನು ಎಣಿಸಿ: 3 × 2 × 2 × 2 = 24. ತಾನೊಂದೇ ಇರುವ ಬಗೆಯನ್ನು ಬಿಟ್ಟರೆ 23 ವಿಧದಲ್ಲಿ ಈ ಸಂಖ್ಯೆ ಕ್ರಮಾಗತ ಧನ ಪೂರ್ಣಾಂಕಗಳ ಮೊತ್ತವಾಗುತ್ತದೆ. ಮೂರು ಪದ ಬೇಕೇ, ಮೂರರಿಂದ ಭಾಗಿಸಿ ನಡುವೆ ಇಡಿ: 15,10,151 + 15,10,152 + 15,10,153. ಪದಗಳ ಎಣಿಕೆ ಸಮವಾಗಿಯೂ ಇರಬಹುದು, ಆದರೆ ಆ ಎಣಿಕೆಯಲ್ಲಿ 2ರ ಘಾತ 4 ಇರಬೇಕು, ಅಂದರೆ ನಮ್ಮ ಸಂಖ್ಯೆಯಲ್ಲಿರುವ 3ಕ್ಕಿಂತ ಒಂದು ಹೆಚ್ಚು. 16 ಪದಗಳಾದರೆ 2,83,146ರಿಂದ 2,83,161ರವರೆಗೆ. ನಾಲ್ಕು ಪದಗಳಲ್ಲೋ ಎಂಟು ಪದಗಳಲ್ಲೋ ಹುಡುಕುವುದು ವ್ಯರ್ಥ.

ವ್ಯುತ್ಕ್ರಮ ಮತ್ತು ದ್ವಿಮಾನ ರೂಪ

1 ÷ 45,30,456ರ ದಶಮಾಂಶದಲ್ಲಿ ಮರುಕಳಿಸುವ ಭಾಗ ಎಷ್ಟು ಉದ್ದ? ಭಾಗಿಸುತ್ತ ಕೂರಬೇಕಿಲ್ಲ. 2 ಮತ್ತು 5ರ ಘಾತಗಳಲ್ಲಿ ದೊಡ್ಡದು 3, ಆದ್ದರಿಂದ ಬಿಂದುವಿನ ನಂತರದ ಮೊದಲ ಮೂರು ಅಂಕಿಗಳು ಆವರ್ತದಿಂದ ಹೊರಗೆ. ಉಳಿದ ಅವಿಭಾಜ್ಯ ಘಾತಗಳ ಆವರ್ತ ಉದ್ದಗಳು: 9ಕ್ಕೆ 1, 7ಕ್ಕೆ 6, 89ಕ್ಕೆ 44, 101ಕ್ಕೆ 4. ಲ.ಸಾ.ಅ. 132. ಹಾಗಾಗಿ ಪ್ರತಿ 132 ಅಂಕಿಗಳಿಗೊಮ್ಮೆ ಮರುಕಳಿಸುತ್ತದೆ. ಇವನ್ನು ಗುಣಿಸಬೇಡಿ, 1056 ಎಂಬ ತಪ್ಪು ಉತ್ತರ ಬರುತ್ತದೆ.

ದ್ವಿಮಾನದಲ್ಲಿ ಇದು 10001010010000100011000. ಒಟ್ಟು 23 ಅಂಕಿ, ಅದರಲ್ಲಿ ಏಳು 1ಗಳು. ಬಲತುದಿಯ ಮೂರು ಸೊನ್ನೆಗಳು 2³ಕ್ಕೆ ಸಾಕ್ಷಿ. ಬಲದಿಂದ ನಾಲ್ಕು ನಾಲ್ಕರ ಗುಂಪು ಮಾಡಿದರೆ ಹದಿನಾರರ ಮಾನದ ರೂಪ 452118 ಸಿಗುತ್ತದೆ. ಅಕ್ಷರವೇ ಬಾರದ ಕಾರಣ ಇದನ್ನು ದಶಮಾನದ್ದೆಂದು ತಪ್ಪಾಗಿ ಓದುವ ಸಾಧ್ಯತೆ ಇದೆ. ಮಾನವನ್ನು ಪಕ್ಕದಲ್ಲಿ ಬರೆದಿಡಿ.

ಇಪ್ಪತ್ತು ಅಂಕಿ ದಾಟಿದರೆ

20 ಅಂಕಿಗಳ ಸಂಖ್ಯೆಯ ವರ್ಗಮೂಲ 10 ಅಂಕಿಗಳದ್ದು. 10¹⁰ ಒಳಗೆ 45,50,52,511 ಅವಿಭಾಜ್ಯಗಳಿವೆ. ಕೈಲೆಕ್ಕದ ಮಾತು ಇಲ್ಲಿಗೆ ನಿಂತಿತು, ಯಂತ್ರದಲ್ಲೂ ಕ್ರಮ ಬದಲಾಗಬೇಕು. ಮೊದಲು 10 ಲಕ್ಷದವರೆಗಿನ ಅವಿಭಾಜ್ಯಗಳಿಂದ (78,498 ಇವೆ) ಭಾಗಿಸಿ ಚಿಕ್ಕವನ್ನು ತೆಗೆಯಿರಿ. ಉಳಿದದ್ದನ್ನು ಒಡೆಯಲು ಹೊರಡುವ ಮುನ್ನ ಅದು ಅವಿಭಾಜ್ಯವೇ ಎಂದು ಪರೀಕ್ಷಿಸಿ. ಅವಿಭಾಜ್ಯವನ್ನು ಒಡೆಯಲು ಹೋದರೆ ಯಂತ್ರ ಓಡುತ್ತಲೇ ಇರುತ್ತದೆ, ಏಕೆಂದು ನಿಮಗೆ ತಿಳಿಯುವುದಿಲ್ಲ.

ಒಂದು ಸಂಖ್ಯೆ ಸಂಯುಕ್ತ ಎಂದು ತಿಳಿಯುವುದಕ್ಕೂ ಅದರ ಅಪವರ್ತನ ತಿಳಿಯುವುದಕ್ಕೂ ಬಹಳ ಅಂತರವಿದೆ. 2⁶⁷ − 1 ಅವಿಭಾಜ್ಯ ಅಲ್ಲ ಎಂದು ಲ್ಯೂಕಾ 1876ರಲ್ಲೇ ತೋರಿಸಿದ್ದ. ಅದು 19,37,07,721 × 7,61,83,82,57,287 ಎಂದು ಕೋಲ್ ಬರೆದು ತೋರಿಸಿದ್ದು 1903ರಲ್ಲಿ.

ಪರೀಕ್ಷೆಗೆ ಮಿಲ್ಲರ್–ರಾಬಿನ್ ವಿಧಾನ ಬಳಸಿ. ಚಿಕ್ಕ ಉದಾಹರಣೆಯಲ್ಲಿ ಹಂತಗಳು ಹೀಗೆ. ಸಂಖ್ಯೆ 561. ಒಂದು ಕಳೆದು 2ಗಳನ್ನು ಹೊರತೆಗೆಯಿರಿ: 560 = 16 × 35. ಈಗ 2³⁵ ಅನ್ನು 561ರಿಂದ ಭಾಗಿಸಿದ ಶೇಷ 263. ಇದು 1 ಆಗಲಿ 560 ಆಗಲಿ ಅಲ್ಲ, ಆದ್ದರಿಂದ ವರ್ಗ ಮಾಡುತ್ತ ಹೋಗಿ, ಪ್ರತಿ ಸಲವೂ ಶೇಷ ತೆಗೆದುಕೊಳ್ಳಿ: 263, 166, 67, 1. ಅವಿಭಾಜ್ಯವಾಗಿದ್ದರೆ 1 ಬರುವ ಮೊದಲು 560 ಬರಲೇಬೇಕಿತ್ತು. ಬಂದದ್ದು 67. ಆದ್ದರಿಂದ 561 ಸಂಯುಕ್ತ. ಇದರ ಜೊತೆಗೆ 67 − 1 = 66 ಮತ್ತು 561ರ ಮ.ಸಾ.ಅ. 33, 67 + 1 = 68 ಮತ್ತು 561ರ ಮ.ಸಾ.ಅ. 17. ಅಪವರ್ತನವೇ ಸಿಕ್ಕಿತು: 33 × 17. ಇದು ಯಾವಾಗಲೂ ಸಿಗುವ ಲಾಭವಲ್ಲ.

561 ಅನ್ನು ಆರಿಸಿದ್ದಕ್ಕೆ ಕಾರಣವಿದೆ. ಫರ್ಮಾನ ಸರಳ ಪರೀಕ್ಷೆಯಲ್ಲಿ, ಅಂದರೆ 560ನೇ ಘಾತದ ಶೇಷ 1 ಬರುತ್ತದೆಯೇ ಎಂದಷ್ಟೇ ನೋಡುವುದರಲ್ಲಿ, ಇದು 561ರೊಡನೆ ಸಹ ಅವಿಭಾಜ್ಯವಾದ ಎಲ್ಲ ಆಧಾರಗಳಿಗೂ (ಘಾತಕ್ಕೆ ಏರಿಸುವ ಸಂಖ್ಯೆಯೇ ಆಧಾರ, ಮೇಲೆ ಅದು 2) ಪಾಸಾಗಿಬಿಡುತ್ತದೆ. ಆ ಸರಳ ಪರೀಕ್ಷೆಯನ್ನು ನಂಬಬೇಡಿ. ಮಿಲ್ಲರ್–ರಾಬಿನ್‌ನಲ್ಲೂ ಒಂದೇ ಆಧಾರ ಸಾಲದು. 2047 = 23 × 89 ಆಧಾರ 2ಕ್ಕೆ ಪಾಸಾಗುತ್ತದೆ. 2, 3, 5, 7 ನಾಲ್ಕನ್ನೂ ದಾಟುವ ಅತಿ ಚಿಕ್ಕ ಸಂಯುಕ್ತ ಸಂಖ್ಯೆ 3,21,50,31,751, ಅಂದರೆ 151 × 751 × 28,351. ಅದಕ್ಕಿಂತ ಚಿಕ್ಕವಕ್ಕೆ ಆ ನಾಲ್ಕು ಆಧಾರಗಳ ತೀರ್ಪು ಖಚಿತ. 2⁶⁴ವರೆಗೆ 2ರಿಂದ 37ರವರೆಗಿನ ಹನ್ನೆರಡು ಅವಿಭಾಜ್ಯಗಳನ್ನು ಆಧಾರವಾಗಿ ತೆಗೆದುಕೊಂಡರೆ ಸಂದೇಹವೇ ಉಳಿಯುವುದಿಲ್ಲ.

ಸಂಯುಕ್ತ ಎಂದು ಖಾತರಿಯಾದ ಮೇಲೆ ಪೊಲಾರ್ಡ್‌ನ ರೋ ವಿಧಾನ. ಅತಿ ಚಿಕ್ಕ ಅಪವರ್ತನ 10 ಅಂಕಿಗಳದ್ದಾದರೆ ಸುಮಾರು ಲಕ್ಷ ಹೆಜ್ಜೆಗಳ ಆಸುಪಾಸಿನಲ್ಲಿ ಅದು ಸಿಗುತ್ತದೆ. ಅಪವರ್ತನದ ಅಂಕಿಗಳು 20 ದಾಟಿದರೆ ಎಲಿಪ್ಟಿಕ್ ಕರ್ವ್ ವಿಧಾನಕ್ಕೆ ಹೋಗಿ. ಉಳಿದ ತುಂಡು ಸಿಕ್ಕಾಗಲೆಲ್ಲ ಮತ್ತೆ ಅವಿಭಾಜ್ಯ ಪರೀಕ್ಷೆ, ಇದನ್ನು ಮರೆಯುವವರೇ ಹೆಚ್ಚು.

ಯಂತ್ರ ಸುಳ್ಳು ಹೇಳುವ ಜಾಗಗಳು

ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 16ನೆಯ ಅಂಕಿಯಿಂದ ಮುಂದಿನದನ್ನು ಸದ್ದಿಲ್ಲದೆ ಸೊನ್ನೆ ಮಾಡುತ್ತದೆ. ಆಮೇಲೆ “ಈ ಸಂಖ್ಯೆ 10ರಿಂದ ಭಾಗವಾಗುತ್ತದೆ” ಎಂಬ ಉತ್ತರ ಬಂದರೆ ಅದು ನಿಮ್ಮ ಸಂಖ್ಯೆಯ ಗುಣವಲ್ಲ. ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಸಂಖ್ಯೆಗಳು 2⁵³ವರೆಗೆ, ಅಂದರೆ 9007199254740992ರವರೆಗೆ ಮಾತ್ರ ಒಂದೂ ತಪ್ಪದೆ ನಿಖರ. ಅದಕ್ಕೆ 1 ಕೂಡಿದರೂ ಅದೇ ಸಂಖ್ಯೆ ಉಳಿಯುತ್ತದೆ.

ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಇಂಥ ಮಿತಿಯಿಲ್ಲ, ಆದರೆ ಒಂದು ಓರೆಗೆರೆಯಿಂದ ಭಾಗಿಸಿದ ಕೂಡಲೇ ಉತ್ತರ ದಶಮಾಂಶ ಸಂಖ್ಯೆಯಾಗಿ ನಿಖರತೆ ಕಳೆದುಕೊಳ್ಳುತ್ತದೆ. ಎರಡು ಓರೆಗೆರೆಗಳಿಂದ ಭಾಗಿಸಿ. ವರ್ಗಮೂಲಕ್ಕೂ ದಶಮಾಂಶದ ಫಂಕ್ಷನ್ ಬಳಸದೆ ಪೂರ್ಣಾಂಕ ವರ್ಗಮೂಲದ ಫಂಕ್ಷನ್ನನ್ನೇ ಬಳಸಿ. ಇಲ್ಲದಿದ್ದರೆ ದೊಡ್ಡ ಸಂಖ್ಯೆಗಳಲ್ಲಿ ಮಿತಿ ಒಂದು ಕಡಿಮೆಯಾಗಿ, ಅವಿಭಾಜ್ಯದ ವರ್ಗವೊಂದು ಅವಿಭಾಜ್ಯವೆಂದೇ ದಾಖಲಾಗಬಹುದು. ಲಿನಕ್ಸ್ ಇದ್ದವರಿಗೆ ಫ್ಯಾಕ್ಟರ್ (factor) ಎಂಬ ಆಜ್ಞೆ ಸಿದ್ಧವಾಗಿಯೇ ಇರುತ್ತದೆ. ಅದರ ಮುಂದೆ ನಮ್ಮ ಸಂಖ್ಯೆಯನ್ನು ಅಲ್ಪವಿರಾಮವಿಲ್ಲದೆ ಕೊಟ್ಟರೆ 2 2 2 3 3 7 89 101 ಎಂದು ಒಂದು ಸಾಲು ಬರುತ್ತದೆ. ಅಲ್ಪವಿರಾಮ ಹಾಕಿ ಕೊಟ್ಟರೆ ಅದು ಸಂಖ್ಯೆಯೇ ಅಲ್ಲವೆಂದು ತಿರಸ್ಕರಿಸುತ್ತದೆ.